ನಿಂತುಹೋದ ಆರ್‌ಎಕ್ಸ್ 100: ಕಾಗದಪತ್ರ ಮೊದಲು, ಎಂಜಿನ್ ಆಮೇಲೆ, ಬಣ್ಣ ಕೊನೆಗೆ

ನಮಸ್ಕಾರ. ದಿವಂಗತ ದೊಡ್ಡಪ್ಪನವರ ಯಮಹಾ ಆರ್‌ಎಕ್ಸ್ 100 ಅಡಿಕೆ ಗೋದಾಮಿನಲ್ಲಿ ಎಷ್ಟೋ ಮಳೆಗಾಲ ಕಳೆದು ಈಗ ನಿಮ್ಮ ಪಾಲಿಗೆ ಬಂದಿದೆ, ಕಿಕ್ ಕೆಳಗಿಳಿಯುತ್ತಿಲ್ಲ, ಪೂರ್ತಿ ಬಿಚ್ಚಿ ಮೊದಲು ಫ್ರೇಮಿಗೆ ಬಣ್ಣ ಹೊಡೆಸಲೇ ಎಂದು ಕೇಳಿದ್ದೀರಿ. ಬೇಡ ಎಂಬುದೇ ನನ್ನ ಸಲಹೆ. ಬಿಡುವಿದ್ದಾಗ ಮಾತ್ರ ಕೈಹಾಕುವ ಇಂಥ ಕೆಲಸದಲ್ಲಿ ಗಾಡಿ ಆದಷ್ಟು ಕಾಲ ತನ್ನ ಚಕ್ರಗಳ ಮೇಲೆಯೇ ನಿಂತಿರಬೇಕು. ಒಂದು ಭಾಗವನ್ನು ಬಿಚ್ಚಿ, ಸರಿಪಡಿಸಿ, ಮರಳಿ ಜೋಡಿಸಿದ ಬಳಿಕವೇ ಮುಂದಿನದಕ್ಕೆ ಹೋಗಬೇಕು. ಗೋಣಿಚೀಲ ತುಂಬಿ ಗುಜರಿ ಸೇರಿದ ಅನೇಕ ಆರ್‌ಎಕ್ಸ್‌ಗಳು ಕೆಟ್ಟುಹೋಗಿ ಅಲ್ಲಿಗೆ ಹೋದದ್ದಲ್ಲ, ಬಿಚ್ಚಿದವರಿಗೆ ಜೋಡಿಸಲು ಪುರಸೊತ್ತು ಸಿಗದೆ ಹೋದವು.

ಒಂದು ರೂಪಾಯಿ ಖರ್ಚು ಮಾಡುವ ಮುನ್ನ ಆರ್‌ಸಿ ಪುಸ್ತಕವನ್ನು ಹುಡುಕಿ, ಅದರಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಗಾಡಿಯ ಮೇಲಿನವುಗಳೊಂದಿಗೆ ಅಕ್ಷರಶಃ ತಾಳೆ ನೋಡಿ. ಆರ್‌ಎಕ್ಸ್ 135ರ ಎಂಜಿನ್ ಕೂರಿಸಿರುವ 100ಗಳು ನಮ್ಮಲ್ಲಿ ಬೇಕಾದಷ್ಟಿವೆ. ಎಂಜಿನ್ ಬದಲಿಸಿದ್ದು ಆರ್‌ಸಿಯಲ್ಲಿ ದಾಖಲಾಗಿರದಿದ್ದರೆ ಆರ್‌ಟಿಒ ತಪಾಸಣೆಯ ದಿನ ಇನ್‌ಸ್ಪೆಕ್ಟರರು ಗಾಡಿಯನ್ನು ಹಿಂದಕ್ಕೆ ಕಳಿಸುತ್ತಾರೆ. ನೋಂದಣಿಯ ಮೊದಲ ಅವಧಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಮಾಲೀಕರು ತೀರಿಕೊಂಡಿರುವುದರಿಂದ ಹೆಸರು ಬದಲಾವಣೆಗೆ ಫಾರ್ಮ್ 31 ಬೇಕು; ಜೊತೆಗೆ ಮರಣ ಪ್ರಮಾಣಪತ್ರವೂ, ಬೇರೆ ವಾರಸುದಾರರಿದ್ದರೆ ಅವರ ಒಪ್ಪಿಗೆಯೂ ಬೇಕಾಗುತ್ತದೆ. ಆ ಕಾಲದ ಸಾಲದ ನಮೂದು ಆರ್‌ಸಿಯಲ್ಲಿ ಇನ್ನೂ ಉಳಿದಿದೆಯೇ ಎಂದು ವಿಶೇಷವಾಗಿ ಗಮನಿಸಿ: ಅದನ್ನು ತೆಗೆಸುವ ಫಾರ್ಮ್ 35ಕ್ಕೆ ಸಾಲ ಕೊಟ್ಟವರ ಸಹಿ ಬೇಕು, ಮುಚ್ಚಿಹೋದ ಫೈನಾನ್ಸಿನವರ ಸಹಿ ತರುವುದು ಕ್ರ್ಯಾಂಕ್ ರಿಪೇರಿಗಿಂತ ಕಷ್ಟದ ಕೆಲಸ. ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸಬಹುದೇ ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರ, ಸದ್ಯಕ್ಕೆ ಆಗದು. 2021ರ ಕೇಂದ್ರ ನಿಯಮದಂತೆ ಗಾಡಿಗೆ 50 ವರ್ಷ ದಾಟಿರಬೇಕು; ಆರ್‌ಎಕ್ಸ್ 100 ಎಸ್ಕಾರ್ಟ್ಸ್ ಕಂಪನಿಯ ಮೂಲಕ ಇಲ್ಲಿಗೆ ಬಂದದ್ದೇ 1985ರಲ್ಲಿ.

ಇನ್ನು ಎಂಜಿನ್. ಕಿಕ್ಕಿನ ಮೇಲೆ ನಿಂತು ಕುಣಿಯುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ; ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಒಳಮೈಗೆ, ಅಂದರೆ ಬೋರಿಗೆ, ತುಕ್ಕಿನಿಂದ ಅಂಟಿಕೊಂಡಿದ್ದರೆ ಮೊದಲು ಮುರಿಯುವುದು ರಿಂಗು, ಇಲ್ಲವೇ ಕಿಕ್ಕಿನ ಗೇರು. ಸ್ಪಾರ್ಕ್ ಪ್ಲಗ್ ತೆಗೆದು, ಡೀಸೆಲ್ಲಿಗೆ ಅಷ್ಟೇ ಪ್ರಮಾಣದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ) ಎಣ್ಣೆ ಬೆರೆಸಿ ಆ ತೂತಿನಿಂದ ಸುರಿದು, ಒಂದು ವಾರ ಹಾಗೆಯೇ ಬಿಡಿ. ಬಳಿಕ ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಅಲುಗಾಡಿಸಿ. ಬಿಟ್ಟುಕೊಟ್ಟರೆ ಸಂತೋಷ, ಕೊಡದಿದ್ದರೆ ಇನ್ನೊಂದು ವಾರ ಕಾಯಿರಿ. ಪಿಸ್ಟನ್ ಸಡಿಲವಾದರೂ ಸ್ಟಾರ್ಟ್ ಮಾಡುವ ಆಸೆ ಬೇಡ. ಹೆಡ್ಡು ಮತ್ತು ಸಿಲಿಂಡರ್ ಎತ್ತಿ ನೋಡಲೇಬೇಕು. ಸಿಲಿಂಡರ್ ಎತ್ತುವಾಗ ಕನೆಕ್ಟಿಂಗ್ ರಾಡಿನ ಸುತ್ತ ಬಟ್ಟೆ ತುರುಕಿಡಿ, ತುಕ್ಕಿನ ಪುಡಿ ಕೆಳಗಿನ ಕ್ರ್ಯಾಂಕ್ ತಿರುಗುವ ಪೆಟ್ಟಿಗೆಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ, ಬೀಳಬಾರದು.

ಈ ಎಂಜಿನ್ನಿನ ಬೋರಿನ ಅಗಲ 50 ಮಿ.ಮೀ., ಸ್ಟ್ರೋಕೂ (ಪಿಸ್ಟನ್ ಓಡಾಡುವ ದೂರವೂ) 50 ಮಿ.ಮೀ., ಒಟ್ಟು 98 ಸಿಸಿ. ಬೋರಿನಲ್ಲಿ ತುಕ್ಕಿನ ಗುಳಿಗಳಿದ್ದರೆ ಅದನ್ನು ಕೊರೆದು ಅಗಲಿಸಿ ಓವರ್‌ಸೈಜ್ ಮಾಡಿಸಬೇಕಾಗುತ್ತದೆ, ಅದು 0.25 ಮಿ.ಮೀ. ಮೆಟ್ಟಿಲುಗಳಲ್ಲಿ ಏರುತ್ತದೆ. ಪಿಸ್ಟನ್ನನ್ನು ಮೊದಲು ಕೊಂಡು, ಅದನ್ನೇ ಅಳತೆಗೆ ಕೊಟ್ಟು ಬೋರು ಮಾಡಿಸಿ. ಬೋರು ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಲು ಹೊರಟರೆ ನಡುವಿನ ಸಂದು ಸರಿಹೊಂದುವುದಿಲ್ಲ. ಪೋರ್ಟುಗಳ (ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳ) ಅಂಚುಗಳನ್ನು ನುಣುಪಾಗಿ ಉಜ್ಜಿಕೊಡುವಂತೆ ಲೇತಿನವರಿಗೆ ಬಾಯಿಬಿಟ್ಟು ಹೇಳಿ. ಟೂ ಸ್ಟ್ರೋಕಿನಲ್ಲಿ ರಿಂಗು ಪೋರ್ಟಿನ ಬಾಯಿಯ ಮೇಲೆಯೇ ಓಡಾಡುವುದರಿಂದ ಚೂಪಾದ ಅಂಚು ಅದನ್ನು ಹಿಡಿದು ಮುರಿಯುತ್ತದೆ. ಕನೆಕ್ಟಿಂಗ್ ರಾಡನ್ನು ಹಿಡಿದು ನೇರ ಮೇಲಕ್ಕೂ ಕೆಳಕ್ಕೂ ಎಳೆದು ನೋಡಿ: ಪಕ್ಕಕ್ಕೆ ಅಲುಗಾಡುವುದು ಸಹಜ, ಮೇಲೆ ಕೆಳಗೆ ಕಿಂಚಿತ್ತೂ ಆಡಬಾರದು.

ರಾಡು ಹಾಗೆ ಆಡದಿದ್ದರೂ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳನ್ನು ಬದಲಿಸಿ. ಈ ಉತ್ತರದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ನಿಂತ ಗಾಡಿಯಲ್ಲಿ ಸೀಲಿನ ರಬ್ಬರು ಗಟ್ಟಿಯಾಗುತ್ತದೆ. ಎಡಗಡೆ ಮ್ಯಾಗ್ನೆಟ್ಟಿನ (ವಿದ್ಯುತ್ ಹುಟ್ಟಿಸುವ ಚಕ್ರದ) ಕಡೆಯ ಸೀಲು ಸೋತರೆ ಕ್ರ್ಯಾಂಕ್‌ಕೇಸಿಗೆ ಹೊರಗಿನ ಗಾಳಿ ನುಗ್ಗಿ, ಪೆಟ್ರೋಲ್ ಮಿಶ್ರಣ ತೆಳುವಾಗಿ, ಹೊಸ ಪಿಸ್ಟನ್ ಕಾದು ಜಾಮ್ ಆಗುತ್ತದೆ. ಬಲಗಡೆ ಕ್ಲಚ್ಚಿನ ಕಡೆಯದು ಸೋತರೆ ಗೇರ್ ಆಯಿಲ್ ಒಳಗೆಳೆದುಕೊಂಡು ಬಿಳಿ ಹೊಗೆ ನಿಲ್ಲುವುದೇ ಇಲ್ಲ. ಕಾರ್ಬ್ಯುರೇಟರನ್ನು ಮತ್ತೆ ಮತ್ತೆ ಟ್ಯೂನ್ ಮಾಡಿಸಿದರೂ ಸರಿಹೋಗದ ಗಾಡಿಗಳಲ್ಲಿ ಎಷ್ಟೋ ಬಾರಿ ಕಾರಣ ಈ ಸೀಲೇ ಆಗಿರುತ್ತದೆ.

ಎಂಜಿನ್ ಕವರಿನ ಸ್ಕ್ರೂಗಳು ಸಾಮಾನ್ಯ ಫಿಲಿಪ್ಸ್ ಎಂದು ತೋರಿದರೂ ಜಪಾನಿನ ಜೆಐಎಸ್ ಮಾದರಿಯವು. ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳ ತಳಕ್ಕೆ ಪೂರ್ತಿ ಕೂರದೆ ಮೇಲೆ ಜಾರಿ ತಲೆಯನ್ನು ಬೋಳಿಸುತ್ತದೆ. ಜೆಐಎಸ್ ಬಿಟ್ಟು ಮತ್ತು ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಕೊಳ್ಳಿ. ಮ್ಯಾಗ್ನೆಟ್ಟನ್ನು ಎಳೆದು ತೆಗೆಯಲು ಅದರದೇ ಪುಲ್ಲರ್ ಬೇಕು. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವ ಮೆಕ್ಯಾನಿಕ್ ಎಷ್ಟೇ ಹೆಸರುವಾಸಿಯಾಗಿದ್ದರೂ ಅವರ ಕೈಗೆ ಗಾಡಿ ಕೊಡಬೇಡಿ.

ಟ್ಯಾಂಕಿನ ಒಳಗಿನ ತುಕ್ಕಿಗೆ ವಿನೆಗರ್ ತುಂಬಿ ಒಂದೆರಡು ದಿನ ಇಟ್ಟು, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕೂಡಲೇ ಟೂಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಬೆರೆಸಿದ ಪೆಟ್ರೋಲ್ ಕುಲುಕಿಸಿದರೆ ಸಾಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೂ ಕಾರ್ಬ್ಯುರೇಟರಿನ ಓರಿಂಗುಗಳನ್ನೂ ಬದಲಿಸಿ, ವಾರಗಟ್ಟಲೆ ಓಡಿಸದಿರುವಾಗ ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬೌಲನ್ನು ಖಾಲಿ ಮಾಡಿಡಿ.

ಎಂಜಿನ್ನಿಗೆ ತಾನಾಗಿ ಟೂಟಿ ಆಯಿಲ್ ಒದಗಿಸುವ ಆಟೋಲ್ಯೂಬ್ ಪಂಪನ್ನು ಕಿತ್ತೆಸೆದು ಪೆಟ್ರೋಲಿಗೇ ಆಯಿಲ್ ಬೆರೆಸಿರೆಂದು ಬಹುಪಾಲು ಮೆಕ್ಯಾನಿಕ್‌ಗಳು ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ: ಪಂಪು ಆಕ್ಸಿಲರೇಟರ್ ತಿರುವಿದಷ್ಟಕ್ಕೆ ತಕ್ಕಂತೆ ಆಯಿಲ್ ಕೊಡುತ್ತದೆ, ಬೆರಕೆಗೆ ಆ ವಿವೇಚನೆ ಇಲ್ಲ. ಪೈಪಿನ ಗಾಳಿ ಹೊರಹಾಕಿ, ಕೇಬಲಿನ ಗುರುತು ಹೊಂದಿಸಿ, ಪಂಪು ನಿಜಕ್ಕೂ ಆಯಿಲ್ ಎತ್ತುತ್ತಿದೆ ಎಂದು ಕಣ್ಣಾರೆ ಕಾಣುವವರೆಗೆ ಮಾತ್ರ ಪ್ರತಿ ಲೀಟರಿಗೆ 20 ಮಿ.ಲೀ. ಬೆರೆಸಿ ಓಡಿಸಿ.

ಕ್ರೋಮಿನ ಮೇಲಿನ ಹಗುರ ತುಕ್ಕು ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ನೆನೆಸಿ ಉಜ್ಜಿದರೆ ಹೋಗುತ್ತದೆ, ಆದ್ದರಿಂದ ಮೂಲ ಸೈಲೆನ್ಸರನ್ನು ಯಾವ ಕಾರಣಕ್ಕೂ ಬಿಸಾಡಬೇಡಿ. ನಕಲಿಯ ಸದ್ದೇ ಬೇರೆ, ಓಟವೂ ಬೇರೆ. ಟ್ಯಾಂಕಿನ ಮೂಲ ಬಣ್ಣ ಮುಕ್ಕಾಲು ಪಾಲು ಉಳಿದಿದ್ದರೆ ಹಾಗೆಯೇ ಬಿಡುವುದು ನನ್ನ ಇಷ್ಟ. ಮರುಬಣ್ಣ ಬೇಕೇ ಬೇಕೆಂದಾದರೆ ಎಂಜಿನ್ ಒಂದು ಮಳೆಗಾಲ ತೊಂದರೆಯಿಲ್ಲದೆ ಓಡಿದ ಮೇಲೆ ಮಾಡಿಸಿ. ಸದ್ಯಕ್ಕೆ ಪ್ಲಗ್ ತೆಗೆದು, ಟಾರ್ಚ್ ಹಿಡಿದು ಪಿಸ್ಟನ್ನಿನ ತಲೆಯ ಫೋಟೊ ತೆಗೆದು ಇಲ್ಲಿ ಹಾಕಿ. ಅಲ್ಲಿ ಓವರ್‌ಸೈಜಿನ ಅಂಕಿ ಕಂಡರೆ ಹಿಂದೆ ಬೋರು ಆಗಿದೆಯೇ, ಎಷ್ಟು ಉಳಿದಿದೆ ಎಂಬುದನ್ನು ಹೇಳಬಹುದು.