ಎಷ್ಟು ಪ್ರಾರ್ಥಿಸಿದರೂ ಒಳಗೆ ಒಣ ಒಣ

ಪ್ರಶ್ನೆ: ದೀಕ್ಷಾಸ್ನಾನ ಆಗಿ ಆರು ವರ್ಷವಾಯಿತು. ಮೊದಮೊದಲು ಪ್ರಾರ್ಥನೆಗೆ ಕೂತರೆ ಕಣ್ಣೀರು ತಾನಾಗಿ ಬರುತ್ತಿತ್ತು, ಈಗ ಏನೂ ಅನ್ನಿಸುವುದಿಲ್ಲ. ಆತ್ಮಿಕವಾಗಿ ಇನ್ನೂ ಬೆಳೆಯಬೇಕೆಂದು ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತೇನೆ, ವಾರಕ್ಕೆ ಎರಡು ಉಪವಾಸ, ವರ್ಷದೊಳಗೆ ಬೈಬಲ್ ಮುಗಿಸಲು ಪಟ್ಟಿ ಬೇರೆ. ಆ ಹೊತ್ತಲ್ಲಿ ತಂಗಿ ಸದ್ದು ಮಾಡಿದರೆ ರೇಗಿಬಿಡುತ್ತೇನೆ. ಸಭೆಯಲ್ಲಿ ಬೇರೆಯವರು ದೇವರು ತಮಗೆ ಮಾಡಿದ್ದನ್ನು ಸಾಕ್ಷಿಯಾಗಿ ಹೇಳುವುದು ಕೇಳಿದರೆ, ನನ್ನಲ್ಲೇ ಏನೋ ಪಾಪ ಉಳಿದಿರಬೇಕು ಅನ್ನಿಸುತ್ತದೆ. ಇನ್ನೇನು ಮಾಡಲಿ?

ಉತ್ತರ: ಇನ್ನೇನೂ ಮಾಡಬೇಡಿ. ಸ್ವಲ್ಪ ಕಡಿಮೆ ಮಾಡಿ.

ಮೊದಲು ಆ ಪಾಪದ ಭಯ. ಪ್ರಾರ್ಥನೆಯಲ್ಲಿ ಏನೂ ಅನ್ನಿಸುತ್ತಿಲ್ಲ ಎಂದ ಮಾತ್ರಕ್ಕೆ ದೇವರು ಮುನಿಸಿಕೊಂಡಿದ್ದಾನೆ ಎಂದಲ್ಲ. ಬೈಬಲಿನ 88ನೇ ಕೀರ್ತನೆ ಓದಿ ನೋಡಿ. ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗಾದರೂ ಸ್ತುತಿಯ ಕಡೆ ತಿರುಗುತ್ತವೆ, ಇದು ಮಾತ್ರ ಕತ್ತಲಲ್ಲೇ ಮುಗಿದುಹೋಗುತ್ತದೆ, ಆದರೂ ಅದು ಪ್ರಾರ್ಥನೆಯೇ. ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ ಅವರ ಪತ್ರಗಳು ಹೊರಬಂದವು. ದೇವರು ಹತ್ತಿರ ಇದ್ದಾನೆ ಅನ್ನಿಸದೆಯೇ ಅವರು ದಶಕಗಟ್ಟಲೆ ಪ್ರಾರ್ಥಿಸಿದ್ದರು, ಕೆಲಸವನ್ನೂ ಬಿಟ್ಟಿರಲಿಲ್ಲ. ಸಾಕ್ಷಿ ಹೇಳುವವರು ಒಳ್ಳೆಯ ದಿನಗಳನ್ನೇ ಹೇಳುತ್ತಾರೆ. "ಈ ವಾರವೂ ಏನೂ ಆಗಲಿಲ್ಲ" ಅಂತ ಯಾರಾದರೂ ಮೈಕ್ ಹಿಡಿದದ್ದುಂಟಾ?

ವಾರಕ್ಕೆ ಎರಡು ಉಪವಾಸ ಅಂದಾಗ ನನಗೆ ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯ ಫರಿಸಾಯ, ಅಂದರೆ ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ, ನೆನಪಾದ, ಬೇಜಾರು ಮಾಡಿಕೊಳ್ಳಬೇಡಿ. ಅವನ ಉಪವಾಸದಲ್ಲಿ ತಪ್ಪಿರಲಿಲ್ಲ. ದೇವರ ಮುಂದೆ ನಿಂತು ಅದರ ಲೆಕ್ಕ ಒಪ್ಪಿಸುತ್ತಾ, ಹಿಂದೆ ನಿಂತಿದ್ದ ಸುಂಕದವನ ಜೊತೆ ತನ್ನನ್ನು ಅಳೆದುಕೊಂಡ, ಅಷ್ಟೇ. ಅವನು ಅಳೆದು ತಾನೇ ಮೇಲು ಅಂದುಕೊಂಡ, ನೀವು ಅಳೆದು ನಾನೇ ಕೀಳು ಅಂದುಕೊಳ್ಳುತ್ತೀರಿ, ಆದರೆ ಅಳತೆ ಮಾತ್ರ ಇಬ್ಬರದೂ ಒಂದೇ. ಯೇಸುವಿನ ಸುವಾರ್ತೆ ಸಾರಿದ ಪೌಲನಂಥ ಪೌಲನೇ ಸೆರೆಯಿಂದ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆಯುವಾಗ ನಾನಿನ್ನೂ ಗುರಿ ಮುಟ್ಟಿಲ್ಲ, ಓಡುತ್ತಾ ಇದ್ದೇನೆ ಅನ್ನುತ್ತಾನೆ. ಎಷ್ಟು ದೂರ ಬಂದೆ ಎಂದು ಹಿಂತಿರುಗಿ ನೋಡುತ್ತಾ ಕೂರಲಿಲ್ಲ.

ಆಮೇಲೆ ನಿದ್ದೆ. ಇದನ್ನು ಯಾರೂ ಆತ್ಮಿಕ ವಿಷಯ ಅನ್ನುವುದಿಲ್ಲ, ನಾನು ಅನ್ನುತ್ತೇನೆ. ಸಾಕಪ್ಪಾ ಈ ಜೀವ ಅಂತ ಪ್ರವಾದಿ ಎಲೀಯ ಗಿಡದ ಕೆಳಗೆ ಮಲಗಿದಾಗ ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ, ದೂತ ಮತ್ತೆ ಎಬ್ಬಿಸಿ ತಿನ್ನಿಸಿದ. ಹೋರೇಬ್ ಬೆಟ್ಟಕ್ಕೆ ಹೋದದ್ದು, ಅಲ್ಲಿ ದೇವರ ಆ ಮೆಲ್ಲನೆಯ ದನಿ ಕೇಳಿದ್ದು ಎಲ್ಲಾ ಆಮೇಲಿನ ಮಾತು. ಕೆಲವು ವಾರ ಆರಕ್ಕೇ ಏಳಿ. ಪಟ್ಟಿ ಮುಚ್ಚಿಟ್ಟು ಮಾರ್ಕನ ಸುವಾರ್ತೆಯನ್ನು ದಿನಕ್ಕೆ ನಾಲ್ಕು ಸಾಲಿನಂತೆ ಓದಿದರೂ ಸಾಕು. ಊಟ, ನಿದ್ದೆ ಸರಿಹೋದ ಮೇಲೂ ಯಾವುದರಲ್ಲೂ ಆಸಕ್ತಿ ಬಾರದಿದ್ದರೆ ಡಾಕ್ಟರನ್ನು ಕಾಣಿ, ಅದು ವಿಶ್ವಾಸದ ಕೊರತೆಯಲ್ಲ.

ಇನ್ನು ನಿಮ್ಮ ತಂಗಿ. ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿರಿ, ನನಗೆ ಮಾತ್ರ ಇಡೀ ಪತ್ರದಲ್ಲಿ ಮುಖ್ಯ ಅನ್ನಿಸಿದ್ದು ಅದೇ. ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಆತ್ಮನ ಫಲ ಎಂದು ಒಂಬತ್ತು ಗುಣಗಳಿವೆ. ಪ್ರೀತಿ, ತಾಳ್ಮೆ, ದಯೆ, ಸಾಧುತನ... ಎಷ್ಟು ಗಂಟೆಗೆ ಎದ್ದಿರಿ ಅನ್ನುವುದು ಅದರಲ್ಲಿ ಇಲ್ಲ. ನೀವು ಬೆಳೆದಿದ್ದೀರಾ ಇಲ್ಲವಾ ಅಂತ ನಿಮಗೆ ಗೊತ್ತಾಗದೇ ಇರಬಹುದು, ತಂಗಿಗೆ ಖಂಡಿತ ಗೊತ್ತಿರುತ್ತದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಜೊತೆ ರಾಜಿಯಾಗು ಅಂತ ಯೇಸು ಹೇಳಿದ್ದು ಇಂಥದ್ದಕ್ಕೇ. ನಾಳೆ ಪ್ರಾರ್ಥನೆಗೆ ಕೂರುವ ಮೊದಲು ಅವಳ ಹತ್ತಿರ ಹೋಗಿ ಕ್ಷಮೆ ಕೇಳಿ. ಪ್ರಾರ್ಥನೆಗೆ ಅರ್ಧ ಗಂಟೆ ತಡವಾದರೂ ಪರವಾಗಿಲ್ಲ.