ಇಂಗ್ಲಿಷ್ ಅಷ್ಟಾಗಿ ಬರಲ್ಲ. ದೀಪಾವಳಿ ರಜೆಗೆ ಒಬ್ಬನೇ ವಿಯೆಟ್ನಾಂಗೆ ಹೋಗಬಹುದಾ, ಇಲ್ಲಾ ಗ್ರೂಪ್ ಟೂರ್ ಸೇರಲಾ?

ಜಮಖಂಡಿಯಲ್ಲಿ ಕೂತು ನೀವು ಕೇಳುತ್ತಿರುವುದನ್ನೇ ನಾನು ಬಾಗಲಕೋಟೆಯಲ್ಲಿ ಕೂತು ಕಂಡಕಂಡವರನ್ನೆಲ್ಲ ಕೇಳಿದ್ದೆ. ಹೊರಡುವ ತನಕ ಇಂಗ್ಲಿಷಿನದೇ ಚಿಂತೆ. ಆ ಚಿಂತೆ ಇವತ್ತೇ ಬಿಡ್ರಿ. ಅಲ್ಲಿ ಬಸ್ಸಿನವರಿಗೆ, ಹಣ್ಣು ಮಾರುವವರಿಗೆ ನಮ್ಮಷ್ಟೂ ಇಂಗ್ಲಿಷ್ ಬರುವುದಿಲ್ಲ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡ, ವಿಯೆಟ್ನಾಮೀಸ್ ಎರಡನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋದರೆ ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ನನ್ನ ಎರಡು ದಿನ ನುಂಗಿದ್ದು ಓಟಿಪಿ.

ನನ್ನ ಫೋನಿನಲ್ಲಿ ಒಂದೇ ಸಿಮ್‌ಗೆ ಜಾಗ. ವಿಮಾನ ಇಳಿದ ಕೂಡಲೇ ನಮ್ಮ ಸಿಮ್ ತೆಗೆದು ಅಲ್ಲಿಯದನ್ನು ಹಾಕಿಸಿದೆ. ನಾಲ್ಕನೇ ದಿನ ಡಾ ನಾಂಗ್ ಊರಿನಲ್ಲಿ ಕೈಯಲ್ಲಿ ಉಳಿದದ್ದು ಅಲ್ಲಿಯ ದುಡ್ಡು 3 ಲಕ್ಷ ಡಾಂಗ್, ಅಂದರೆ ಸುಮಾರು ಸಾವಿರ ರೂಪಾಯಿ. ಎಟಿಎಂ ದುಡ್ಡು ಕೊಡಲಿಲ್ಲ. ಮಷೀನೇ ಕೆಟ್ಟಿರಬೇಕೆಂದು ಬಿಸಿಲಲ್ಲಿ ಇನ್ನೂ ಮೂರು ಬ್ಯಾಂಕಿನ ಎಟಿಎಂ ಸುತ್ತಿದೆ. ಮಷೀನು ಯಾವುದೂ ಕೆಟ್ಟಿರಲಿಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದೊಂದು ಸರಿಯಿದ್ದರೆ ಉಳಿದದ್ದೆಲ್ಲ ತಾನಾಗಿ ಸಾಗುತ್ತದೆ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡು ನಮ್ಮ ದೇಶದ ಎಟಿಎಂ, ಅಂಗಡಿಗಳಲ್ಲಿ ಮಾತ್ರ ನಡೆಯುತ್ತದೆ. ಹೊರದೇಶದ ಬಳಕೆಯನ್ನು ನಾವೇ ಆನ್ ಮಾಡಬೇಕು. ನಾನು ಮಾಡಿರಲಿಲ್ಲ. ಸರಿ, ಬ್ಯಾಂಕಿನ ಆ್ಯಪ್ ತೆರೆದೆ. ಸಿಮ್ ಬದಲಾಗಿದೆ, ನೋಂದಾಯಿತ ನಂಬರಿನಿಂದ ಮತ್ತೆ ಎಸ್‌ಎಂಎಸ್ ಕಳಿಸಿ ಎಂದಿತು. ಹಳೆ ಸಿಮ್ ಹಾಕಿದೆ, ರೋಮಿಂಗ್ ಇಲ್ಲದ್ದರಿಂದ ನೆಟ್‌ವರ್ಕೇ ಹಿಡಿಯಲಿಲ್ಲ. ರೋಮಿಂಗ್ ಪ್ಯಾಕ್ ಹಾಕಿಕೊಳ್ಳೋಣವೆಂದರೆ ದುಡ್ಡು ಕಟ್ಟಬೇಕು. ಕಾರ್ಡಿನಿಂದ ಕಟ್ಟಲು ಓಟಿಪಿ ಬೇಕು, ಯುಪಿಐಗೆ ಅದೇ ಸಿಮ್ ಬೇಕು. ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಂತೆ. ಬ್ಯಾಂಕಿಗೆ ಫೋನ್ ಮಾಡೋಣವೆಂದರೆ 1800ರ ಟೋಲ್‌ಫ್ರೀ ನಂಬರು ಹೊರದೇಶದಿಂದ ಹತ್ತುವುದಿಲ್ಲ. ಲಾಡ್ಜಿನ ವೈಫೈನಿಂದ ತಮ್ಮನಿಗೆ ವಾಟ್ಸಾಪ್ ಮಾಡಿ ಶಾಖೆಗೆ ಓಡಿಸಿದೆ. ಅವತ್ತು ಎರಡನೇ ಶನಿವಾರ, ಮರುದಿನ ಭಾನುವಾರ.

ಬಿಡುಗಡೆ ಸಿಕ್ಕಿದ್ದು ಬಾಗಲಕೋಟೆಯ ಮೊಬೈಲ್ ಅಂಗಡಿಯವರಿಂದ. ನಮ್ಮ ನಂಬರಿಗೆ ರೋಮಿಂಗ್ ಪ್ಯಾಕ್ ಯಾರು ಬೇಕಾದರೂ ಊರಿನಿಂದಲೇ ಹಾಕಬಹುದು ಅಂತ ಭಾನುವಾರ ಸಂಜೆ ಅವರು ತಮ್ಮನಿಗೆ ಹೇಳಿದರು. ಹಾಕಿದ ಕಾಲು ಗಂಟೆಯಲ್ಲಿ ನೆಟ್‌ವರ್ಕ್ ಬಂತು, ಆ್ಯಪ್ ತೆರೆಯಿತು, ಕಾರ್ಡ್ ಆನ್ ಆಯಿತು. ಶನಿವಾರವೇ ಗೊತ್ತಿದ್ದರೆ ಎರಡು ದಿನ ಉಳಿಯುತ್ತಿತ್ತು.

ಆದ್ದರಿಂದ ಹೊರಡುವ ಒಂದು ವಾರ ಮೊದಲು ಇಷ್ಟು ಮಾಡ್ರಿ. ಎರಡು ಸಿಮ್ ಹಿಡಿಯುವ ಫೋನ್ ಇರಲಿ. ನಮ್ಮ ಸಿಮ್ ಮೊದಲನೇ ಜಾಗದಲ್ಲೇ ಕೂತಿರಲಿ, ರೋಮಿಂಗ್ ಪ್ಯಾಕ್ ಬೆಂಗಳೂರು ಬಿಡುವ ಮೊದಲೇ ಹಾಕ್ರಿ, ಡೇಟಾ ರೋಮಿಂಗ್ ಮಾತ್ರ ಆಫ್ ಇಡ್ರಿ. ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡು ಹಿಡಿಯುವುದಿಲ್ಲ. ಊರಿನ ರೀಚಾರ್ಜ್ ಅವಧಿ ಪ್ರವಾಸದ ನಡುವೆ ಮುಗಿಯಬಾರದು, ಅದನ್ನೂ ನೋಡಿಕೊಳ್ರಿ. ಅಲ್ಲಿಯ ಸಿಮ್ ಎರಡನೇ ಜಾಗಕ್ಕೆ. ಕಾರ್ಡಿನ ಸೆಟ್ಟಿಂಗ್‌ನಲ್ಲಿ ಹೊರದೇಶದ ಎಟಿಎಂ, ಅಂಗಡಿ, ಆನ್‌ಲೈನ್ ಮೂರೂ ಬೇರೆ ಬೇರೆ ಇರುತ್ತವೆ. ಎಟಿಎಂ ಆನ್ ಮಾಡಿ ಅದರ ದಿನದ ಮಿತಿಯನ್ನೂ ಏರಿಸ್ರಿ, ಮಿತಿ ಸೊನ್ನೆ ಇದ್ದರೆ ಆನ್ ಮಾಡಿಯೂ ಪ್ರಯೋಜನವಿಲ್ಲ. ಜನಧನ್ ಖಾತೆಯ ಸಾದಾ ರುಪೇ ಕಾರ್ಡನ್ನು ನೆಚ್ಚಬೇಡಿ. ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡು, ಒಂದು ಪಾಕೀಟಿನಲ್ಲಿ, ಒಂದು ಚೀಲದ ಒಳಗೆ. ಜೊತೆಗೆ 100 ಡಾಲರಿನ ಮೂರು ನೋಟು. ಮಡಿಕೆ, ಇಂಕಿನ ಗುರುತು ಇಲ್ಲದ ಗರಿಗರಿ ನೋಟನ್ನೇ ಕೇಳಿ ತಗೋರಿ, ಹರಿದದ್ದನ್ನು ಅಲ್ಲಿ ಮುಟ್ಟುವುದಿಲ್ಲ. ಎಟಿಎಂ ಪರದೆ ರೂಪಾಯಿಗೆ ಪರಿವರ್ತಿಸಲೇ ಎಂದು ಕೇಳಿದರೆ ಬೇಡ ಅನ್ರಿ, ಆ ದರದಲ್ಲಿ ನಮಗೇ ನಷ್ಟ.

ಡಾಂಗ್ ನೋಟಿನಲ್ಲಿ ಇನ್ನೊಂದು ಎಡವಟ್ಟಿದೆ. 20 ಸಾವಿರದ್ದೂ ನೀಲಿ, 5 ಲಕ್ಷದ್ದೂ ನೀಲಿ, ಎರಡರ ಮೇಲೂ ಹೊ ಚಿ ಮಿನ್ ಚಿತ್ರ, ಎರಡೂ ಪ್ಲಾಸ್ಟಿಕ್ಕಿನವು. ಒಂದು ಸುಮಾರು 65 ರೂಪಾಯಿ, ಇನ್ನೊಂದು 1,600ಕ್ಕೂ ಮೇಲೆ. ಕತ್ತಲಲ್ಲಿ ಟ್ಯಾಕ್ಸಿಗೆ ಕೊಡುವಾಗ ಹಿಂಬದಿ ತಿರುಗಿಸಿ ನೋಡ್ರಿ. ಹೊಯ್ ಆನ್ ಊರಿನ, ಹೆಂಚಿನ ಮಾಡಿರುವ ಸೇತುವೆ ಕಂಡರೆ 20 ಸಾವಿರ, ಮರಗಳ ನಡುವಿನ ಮನೆ ಕಂಡರೆ 5 ಲಕ್ಷ. ನಾನು 5 ಲಕ್ಷದ ನೋಟುಗಳನ್ನು ಬೇರೆ ಕಿಸೆಯಲ್ಲೇ ಇಡುತ್ತಿದ್ದೆ.

ವೀಸಾ ಆನ್‌ಲೈನ್ ಆಗುತ್ತದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, 90 ದಿನದವರೆಗೆ ಸಿಗುತ್ತದೆ. ಸರ್ಕಾರಿ ಜಾಲತಾಣದ ಹಾಗೇ ಕಾಣುವ, ಹೆಚ್ಚು ಸುಲಿಯುವ ಏಜೆಂಟ್ ತಾಣಗಳು ಬಹಳ ಇವೆ, ಹುಷಾರು. ನಮ್ಮ ಕಡೆಯವರಿಗೆ ತೊಡಕಾಗುವುದು ಹೆಸರಿನಲ್ಲಿ. ತಂದೆಯ ಹೆಸರು, ಅಡ್ಡಹೆಸರು ಎಲ್ಲ ಕೂಡಿ ಉದ್ದ ಇರುತ್ತದೆ. ಪಾಸ್‌ಪೋರ್ಟಿನ ಫೋಟೋ ಪುಟದ ತಳದಲ್ಲಿ ಬಾಣದ ಗುರುತುಗಳಿರುವ ಎರಡು ಸಾಲು ಇವೆಯಲ್ಲ, ಅಲ್ಲಿ ಹೇಗಿದೆಯೋ ಹಾಗೇ ತುಂಬ್ರಿ. ಒಂದಕ್ಷರ ತಪ್ಪಿದರೂ ವಿಮಾನ ಹತ್ತಿಸದೆ ಇರಬಹುದು, ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ. ಎರಡು ಪ್ರಿಂಟ್ ಇಟ್ಟುಕೊಳ್ರಿ.

ಶಾಕಾಹಾರಿ ಆಗಿದ್ದರೆ ‘ಚಾಯ್’ ಎಂಬ ಪದ ಕಲೀರಿ. ಚಹಾ ಅಲ್ಲ, ಅವರ ಮಾತಿನಲ್ಲಿ ಸಸ್ಯಾಹಾರ. ಬರೀ ತರಕಾರಿ ಎಂದು ಕೇಳಿದರೆ ಮೀನಿನ ಸಾಸ್ ಹಾಕಿಯೇ ಕೊಡುತ್ತಾರೆ. ಅಲ್ಲಿಯ ಬೌದ್ಧರು ಚಾಂದ್ರ ತಿಂಗಳ 1 ಮತ್ತು 15ನೇ ದಿನ ಸಸ್ಯಾಹಾರ ಮಾಡುತ್ತಾರೆ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ. ಆ ದಿನ ಚಾಯ್ ಅಂಗಡಿಗಳು ತುಂಬಿರುತ್ತವೆ. ಕಡಕ್ ರೊಟ್ಟಿ 20 ಒಯ್ರಿ. ಆದರೆ ಗಂಟು ಕಟ್ಟಿ ಅಲ್ಲ, ಅಲ್ಲಿಯ ಹಸಿ ಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗುತ್ತವೆ. ಐದೈದು ಜಿಪ್ ಕವರಿಗೆ ಹಾಕಿ, ಒಂದು ಮುಗಿದ ಮೇಲೆ ಇನ್ನೊಂದು ಬಿಚ್ರಿ. ಶೇಂಗಾ ಚಟ್ನಿ ದೊಡ್ಡ ಬ್ಯಾಗಿಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ. ಎಟಿಎಂ ಕೈಕೊಟ್ಟ ಆ ಎರಡು ದಿನ ನನ್ನ ಹೊಟ್ಟೆ ತುಂಬಿಸಿದ್ದು ಇದೇ ರೊಟ್ಟಿ.

ಗ್ರೂಪ್ ಟೂರ್ ಸೇರಬೇಡಿ. ದೀಪಾವಳಿಗೂ ಹೋಗಬೇಡಿ. ಅಕ್ಟೋಬರ್, ನವೆಂಬರ್‌ನಲ್ಲಿ ಹ್ವೆ, ಡಾ ನಾಂಗ್, ಹೊಯ್ ಆನ್ ಕಡೆ ಮಳೆಯೋ ಮಳೆ, ಹೊಯ್ ಆನ್ ಬೀದಿಗೆ ಹೊಳೆ ನೀರೇ ನುಗ್ಗುತ್ತದೆ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ರಜೆ ಹೊಂದಿಸಿಕೊಳ್ರಿ. ಹ್ವೆಯಿಂದ ಡಾ ನಾಂಗ್‌ಗೆ ಹಗಲಿನ ರೈಲೇ ಹಿಡೀರಿ, ಹೈ ವಾನ್ ಘಟ್ಟದಲ್ಲಿ ಹಳಿ ಸಮುದ್ರದ ಅಂಚಿಗೇ ಸಾಗುತ್ತದೆ. ಹೋಗುವಾಗ ಎಡಗಡೆ ಸೀಟು.

ಹೊಯ್ ಆನ್‌ನಿಂದ ಸುಮಾರು 40 ಕಿ.ಮೀ. ದೂರದ ಮೀ ಸನ್ ಮಾತ್ರ ಬಿಡಬೇಡಿ. ಪಟ್ಟದಕಲ್ಲು ನೋಡಿ ಬೆಳೆದ ನಮಗೆ ಅದು ಪರದೇಶ ಅನಿಸುವುದಿಲ್ಲ. ಹಿಂದೆ ಆ ಕಡೆ ಆಳಿದ ಚಂಪಾ ಅರಸರ ಶಿವನ ಗುಡಿಗಳು, ನಮ್ಮವು ಕಲ್ಲಿನವಾದರೆ ಅವು ಇಟ್ಟಿಗೆಯವು. ಇಟ್ಟಿಗೆ ಇಟ್ಟಿಗೆ ಕೂಡಿದ ಕಡೆ ಬೆರಳಾಡಿಸಿ ನೋಡಿದೆ, ಗಾರೆ ಕೈಗೆ ಸಿಗಲಿಲ್ಲ. 2020ರಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುವಾಗ 9ನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ಕಿತು. ಬೆಳಿಗ್ಗೆ ಬೇಗ ಹೋಗ್ರಿ. ಹತ್ತು ಗಂಟೆ ದಾಟಿದರೆ ಇಟ್ಟಿಗೆ ಕಾದು ಹತ್ತಿರ ನಿಲ್ಲಲಾಗುವುದಿಲ್ಲ.