ಕ್ಯಾಮೆರಾ ಕೇಳಿ: ಓಡುವ ಆಟೊ, ನೀಲಿ ಮಲ್ಲಿಗೆ, ಮಳೆನೀರಿನ ಗುಂಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮನೆಯ ಸುತ್ತಮುತ್ತ ತೆಗೆದ ಫೋಟೊಗಳದ್ದು. ಬಹುತೇಕ ಎಲ್ಲದರ ಹಿಂದೆಯೂ ಇರುವ ತೊಡಕು ಒಂದೇ: ಆಟೊ ಮೋಡ್, ಅಂದರೆ ಎಲ್ಲವನ್ನೂ ಕ್ಯಾಮೆರಾ ತಾನೇ ತೀರ್ಮಾನಿಸುವ ವಿಧಾನ. ಯಾವ ದೃಶ್ಯ ಎದುರಾದರೂ ಅದನ್ನು ನಡುಮಟ್ಟದ ಬೆಳಕಿಗೆ, ನಡುಮಟ್ಟದ ಬಣ್ಣಕ್ಕೆ ತಂದು ನಿಲ್ಲಿಸುವುದು ಅದರ ಸ್ವಭಾವ. ಅದರ ಯಾವ ತೀರ್ಮಾನವನ್ನು ಎಲ್ಲಿ ತಳ್ಳಿಹಾಕಬೇಕು ಎಂಬುದಷ್ಟೇ ಇಲ್ಲಿನ ಉತ್ತರಗಳ ತಿರುಳು.

ಓಡುವ ಆಟೊ ಚೂಪಾಗಿ, ಹಿಂದಿನ ಅಂಗಡಿಗಳು ಗೆರೆಗೆರೆಯಾಗಿ ಬರುವ ಹಾಗೆ ತೆಗೆಯಬೇಕು. ಫೋನಿನ ಪ್ರೊ ಮೋಡ್‌ನಲ್ಲಿ ಶಟರ್ 1/30 ಸೆಕೆಂಡ್ ತೆರೆದಿಟ್ಟರೆ ಹಗಲಲ್ಲಿ ಫೋಟೊ ಪೂರ್ತಿ ಬೆಳ್ಳಗಾಗುತ್ತದೆ. ಸಂಜೆ ತೆಗೆದರೆ ಎಲ್ಲವೂ ಅಲುಗಿರುತ್ತದೆ. — ದಾವಣಗೆರೆ

ಇವು ಎರಡು ಬೇರೆ ಬೇರೆ ತೊಂದರೆಗಳು. ಮೊದಲು ಬೆಳ್ಳಗಾಗುವುದು. ಬಹುತೇಕ ಫೋನುಗಳಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಕಿರಿದು ಮಾಡಲು ಬರುವುದಿಲ್ಲ, ಅದು ಎಫ್ 1.8ರ ಆಸುಪಾಸಿನಲ್ಲೇ ಇರುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ನೆತ್ತಿಯ ಬಿಸಿಲಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) 50ರಲ್ಲಿ ಅದಕ್ಕೆ ಸುಮಾರು 1/4000 ಸೆಕೆಂಡ್ ಸಾಕು. ನೀವು 1/30 ಇಟ್ಟಿದ್ದೀರಿ, ಅಂದರೆ 130 ಪಟ್ಟು ಹೆಚ್ಚು ಬೆಳಕು. ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ, ಕ್ಲಿಪ್ ಹಾಕುವ ಎನ್‌ಡಿ 64 ಫಿಲ್ಟರ್ ಬಳಸಿದರೂ 1/60ರವರೆಗೆ ಮಾತ್ರ ಇಳಿಯಬಹುದು. ಫಿಲ್ಟರ್ ಬೇಡವೆಂದರೆ ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷವೇ ಸರಿ; ಆಗ ಅಂಗಡಿ ದೀಪಗಳೂ ಹತ್ತಿರುವುದರಿಂದ ಗೆರೆಗಳಿಗೆ ಬಣ್ಣ ಬರುತ್ತದೆ. ಲೆನ್ಸ್ ಬದಲಿಸುವ ಕ್ಯಾಮೆರಾ ಇದ್ದವರು ಐಎಸ್‌ಒ 100, ಎಫ್ 16, ಜೊತೆಗೆ ಎನ್‌ಡಿ 4 ಹಾಕಿದರೆ ಬಿಸಿಲಲ್ಲೂ 1/25 ಸಿಗುತ್ತದೆ.

ಇನ್ನು ಅಲುಗುವುದು. ಎದುರು ಫುಟ್‌ಪಾತಿನಲ್ಲಿ, ಆಟೊ ಹಾಯುವ ದಾರಿಯಿಂದ 15–20 ಅಡಿ ದೂರ ನಿಲ್ಲಿ. ಬಟನ್ ಒತ್ತಬೇಕಾದ ಜಾಗದ ಕಡೆಗೆ ಪಾದಗಳು ಇರಲಿ. ಸೊಂಟದಿಂದ ಮೇಲಷ್ಟೇ ತಿರುಗಿ, ಬರುವ ಆಟೊವನ್ನು ಫ್ರೇಮಿನಲ್ಲಿ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿಕೊಂಡು ಅದರ ಜೊತೆಗೇ ತಿರುಗುತ್ತಾ ಬನ್ನಿ. ಅದು ಸರಿಯಾಗಿ ನಿಮ್ಮೆದುರಿಗೆ ಬಂದಾಗ ವಾಲ್ಯೂಮ್ ಬಟನ್ ಒತ್ತಿ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಹೆಚ್ಚಿನವರ ಫೋಟೊ ಕೆಡುವುದೇ ಇಲ್ಲಿ: ಕ್ಲಿಕ್ ಆಯಿತೆಂದು ಕೈ ತಡೆಯುತ್ತಾರೆ, ಶಟರ್ ಇನ್ನೂ ತೆರೆದೇ ಇರುತ್ತದೆ.

ಆಟೊ ಓರೆಯಾಗಿ ಬರುತ್ತಿದ್ದರೆ ಫ್ರೇಮಿನೊಳಗೆ ಅದರ ಗಾತ್ರವೇ ಬದಲಾಗುತ್ತಿರುತ್ತದೆ. ಆಗ ಮುಂಭಾಗ ಚೂಪಾಗಿ ಬಂದರೂ ಹಿಂಭಾಗ ಕಲಸಿಹೋಗುತ್ತದೆ. ಹಂಪ್ ಹತ್ತಿರ ನಿಲ್ಲಬೇಡಿ. ಅಲ್ಲಿ ಗಾಡಿ ಮೇಲೆ ಕೆಳಗೆ ಕುಣಿಯುತ್ತದೆ, ಅಡ್ಡಡ್ಡ ತಿರುಗುವ ಕೈ ಆ ಕುಣಿತವನ್ನು ಹಿಂಬಾಲಿಸಲಾರದು. (ನಮ್ಮ ಊರುಗಳಲ್ಲಿ ಹಂಪ್ ಇಲ್ಲದ ಬೀದಿ ಹುಡುಕುವುದೇ ಮೊದಲ ಅಭ್ಯಾಸವಾದೀತು.) ಹಿಂದೆ ಬರೀ ಸುಣ್ಣದ ಗೋಡೆ ಇದ್ದರೆ ಗೆರೆಗಳೇ ಕಾಣುವುದಿಲ್ಲ, ಬೋರ್ಡುಗಳಿರುವ ಸಾಲು ಆರಿಸಿಕೊಳ್ಳಿ. ಆಟೊಗೆ 1/60ರಿಂದ ಆರಂಭಿಸಿ 1/30ಕ್ಕೆ ಇಳಿಯಿರಿ, ಸೈಕಲ್‌ಗೆ 1/30ರಿಂದ 1/15. ಲೆನ್ಸಿನಲ್ಲಿ ಎರಡು ಬಗೆಯ ಸ್ಟೆಬಿಲೈಸೇಷನ್ (ಅಲುಗಾಟ ತಡೆಯುವ ಸೌಲಭ್ಯ) ಇದ್ದರೆ ಪ್ಯಾನಿಂಗ್‌ಗೆಂದೇ, ಅಂದರೆ ಹೀಗೆ ತಿರುಗುತ್ತಾ ತೆಗೆಯುವುದಕ್ಕೆಂದೇ, ಇರುವುದನ್ನು ಬಳಸಿ. ಸಾಮಾನ್ಯವಾಗಿ ಅದು ಮೋಡ್ 2. ಚಕ್ರ ಕಲಸಿರಬೇಕು, ಚಾಲಕನ ಮುಖ ಗುರುತು ಸಿಗಬೇಕು. ಹತ್ತರಲ್ಲಿ ಒಂದು ಹಾಗೆ ಬಂದರೆ ಕೈ ಹದಕ್ಕೆ ಬರುತ್ತಿದೆ ಎಂದೇ ಲೆಕ್ಕ.

ಗಾಂಧಿ ಬಜಾರಿನ ಹೂವಿನ ಅಂಗಡಿಯಲ್ಲಿ ತೆಗೆದರೆ ಮಲ್ಲಿಗೆಯೂ ನೀಲಿ, ಮಾರುವವರ ಮುಖವೂ ನೀಲಿ. — ಬೆಂಗಳೂರು

ತಲೆಯ ಮೇಲಿನ ಟಾರ್ಪಾಲ್ ನೋಡಿ. ಬಿಸಿಲು ಅದರ ಮೂಲಕ ಸೋಸಿ ಬರುವಾಗ ನೀಲಿಯಾಗಿಯೇ ಬರುತ್ತದೆ. ಕಣ್ಣು ಸ್ವಲ್ಪ ಹೊತ್ತಿಗೆ ಒಗ್ಗಿಕೊಳ್ಳುತ್ತದೆ, ಸೆನ್ಸರ್ ಒಗ್ಗಿಕೊಳ್ಳುವುದಿಲ್ಲ. ನೆರಳಿನ ಜೊತೆಗೆ ಬಿಸಿಲು ಬಿದ್ದ ಬೀದಿಯೂ ಫ್ರೇಮಿನಲ್ಲಿದ್ದರೆ ಕಷ್ಟ ಇಮ್ಮಡಿ: ಮಲ್ಲಿಗೆ ಬೆಳ್ಳಗಾಗುವ ಹಾಗೆ ವೈಟ್ ಬ್ಯಾಲೆನ್ಸ್ ತಿದ್ದಿದರೆ ಬೀದಿಯೆಲ್ಲ ಕಿತ್ತಳೆಯಾಗುತ್ತದೆ. ಹಾಗಾಗಿ ಹಿನ್ನೆಲೆಯೂ ಟಾರ್ಪಾಲಿನ ಕೆಳಗೇ ಇರುವಂತೆ ಕೋನ ಬದಲಿಸಿ, ರಾ ಫೈಲಿನಲ್ಲಿ (ಕ್ಯಾಮೆರಾ ಬಣ್ಣ ತಿದ್ದದೆ ಬಿಟ್ಟ ಮೂಲ ಫೈಲ್) ತೆಗೆದು, ಆಮೇಲೆ ಮಲ್ಲಿಗೆ ಮಾಲೆಯನ್ನೇ ಬಿಳಿಯ ಅಳತೆಯಾಗಿ ಆರಿಸಿ ಬಣ್ಣ ಸರಿಪಡಿಸಿ. ಇಲ್ಲವೇ ಅಂಗಡಿಯ ಅಂಚಿಗೆ ಸರಿದು, ಬೀದಿಯ ಬೆಳಕು ಮುಖಕ್ಕೆ ಬೀಳುವ ಹೊತ್ತಿಗೆ ಕಾಯಿರಿ.

ಕೆಂಪು ಟಾರ್ಪಾಲ್ ಇನ್ನೂ ಹಟಮಾರಿ. ಫೋಟೊದ ಕೆಂಪು ಚಾನೆಲ್ (ಕೆಂಪು ಬಣ್ಣವನ್ನು ದಾಖಲಿಸುವ ಭಾಗ) ತುಂಬಿ ತುಳುಕಿ ಗುಲಾಬಿಯ ಎಸಳುಗಳ ಗೆರೆಯೇ ಅಳಿಸಿಹೋಗುತ್ತದೆ. ಎಕ್ಸ್‌ಪೋಷರ್ (ಫೋಟೊಗೆ ಸಿಗುವ ಬೆಳಕು) ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿ ತೆಗೆದು, ಫೋಟೊವನ್ನು ಕಪ್ಪು–ಬಿಳುಪಿಗೆ ತಿರುಗಿಸುವುದೇ ಜಾಣತನ. ಅದೇನೂ ಸೋಲಲ್ಲ; ಮೈಸೂರಿನ ಫೋಟೊ ಪತ್ರಕರ್ತ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಹೆಚ್ಚಾಗಿ ಕಪ್ಪು–ಬಿಳುಪಿನಲ್ಲೇ ಹಿಡಿದವರು. ಒಂದು ಎಚ್ಚರ: ಸಾಮಾನ್ಯ ಬೆಳಕಿನಲ್ಲಿ ತೆಗೆದ ಕನಕಾಂಬರವನ್ನು ಹೀಗೆ ತಿರುಗಿಸಿದಾಗ ಹೂವೂ ಎಲೆಯೂ ಒಂದೇ ಬೂದು ಬಣ್ಣಕ್ಕೆ ಬರಬಹುದು. ಎಡಿಟಿಂಗ್‌ನಲ್ಲಿ ಕಿತ್ತಳೆಯ ಸ್ಲೈಡರ್ ಏರಿಸಿ ಹಸಿರಿನದನ್ನು ಇಳಿಸಿದರೆ ಬೇರೆಯಾಗುತ್ತವೆ.

ಟೀ ಅಂಗಡಿಯ ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು. ಕ್ಯಾಮೆರಾ ಕೆಟ್ಟಿದೆಯೇ? — ಹಾಸನ

ಇಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/100 ಅಥವಾ 1/50 ಇಡಿ, ಪಟ್ಟಿ ಹೋಗುತ್ತದೆ. ಟೀ ಎತ್ತಿ ಸುರಿಯುವ ಧಾರೆ ಹನಿಹನಿಯಾಗಿ ನಿಲ್ಲಬೇಕೆಂದರೆ 1/1000 ಬೇಕು. ಅದನ್ನು ಹಗಲು ಬೆಳಕು ಬೀಳುವ ಬಾಗಿಲ ಬಳಿ ತೆಗೆಯಿರಿ.

ಸಂಜೆ ಆಕಾಶದೆದುರು ಕ್ರಿಕೆಟ್ ಆಡುವ ಹುಡುಗರನ್ನು ಬರೀ ಕಪ್ಪು ಆಕೃತಿಯಾಗಿ ತೋರಿಸಬೇಕು. ಫೋನು ಮುಖವನ್ನೂ ತೋರಿಸಿಬಿಡುತ್ತದೆ. — ಕಲಬುರಗಿ

ಎಚ್‌ಡಿಆರ್ ಆಫ್ ಮಾಡಿ, ನೆರಳನ್ನು ಎತ್ತಿ ತೋರಿಸುತ್ತಿರುವುದು ಅದೇ. ಆಕಾಶದ ಬೆಳಕಾದ ಭಾಗವನ್ನು ಒತ್ತಿ ಹಿಡಿದು ಲಾಕ್ ಮಾಡಿ, ಎಕ್ಸ್‌ಪೋಷರ್ ಸ್ಲೈಡರನ್ನು ಮೈನಸ್ 1 ಇಲ್ಲವೇ ಮೈನಸ್ 2ಕ್ಕೆ ಎಳೆಯಿರಿ. ನೆಲಕ್ಕೆ ಕುಳಿತು ತೆಗೆಯಿರಿ. ಇಲ್ಲದಿದ್ದರೆ ಆಟಗಾರರ ಕಾಲುಗಳು ಹಿಂದಿನ ಕಾಂಪೌಂಡಿನ ಕಪ್ಪಿನೊಳಗೆ ಸೇರಿಹೋಗುತ್ತವೆ. ಬ್ಯಾಟಿಗೂ ಮೈಗೂ ನಡುವೆ, ಎರಡು ಕಾಲುಗಳ ನಡುವೆ ಆಕಾಶ ಕಾಣುವ ಕ್ಷಣಕ್ಕೆ ಕ್ಲಿಕ್ ಮಾಡಿ. ಮುಖ ಗುರುತು ಸಿಗದಿದ್ದರೂ ಆಡುವ ಮಕ್ಕಳ ಮನೆಯವರಿಗೆ ಒಂದು ಮಾತು ಹೇಳಿರುವುದು ಒಳ್ಳೆಯದು.

ರಂಗೋಲಿಯ ಗೆರೆಗಳು ಬರೀ ಬಿಳಿ ಪಟ್ಟೆಯಾಗಿ ಬರುತ್ತವೆ, ಪುಡಿಯ ಕಣ ಕಾಣುವುದಿಲ್ಲ. — ಶಿರಸಿ

ಸಾರಿಸಿದ ಕಪ್ಪು ನೆಲವೇ ಫ್ರೇಮಿನ ಬಹುಪಾಲು ಇರುವುದರಿಂದ ಕ್ಯಾಮೆರಾ ಅದನ್ನು ಬೆಳಗಿಸಲು ಹೋಗಿ ಬಿಳಿಯನ್ನು ಸುಟ್ಟುಹಾಕುತ್ತದೆ. ಎಕ್ಸ್‌ಪೋಷರ್ ಮೈನಸ್ 0.7ರಿಂದ ಮೈನಸ್ 1ರ ನಡುವೆ ಇಡಿ. ಬೆಳಗಿನ ಓರೆ ಬಿಸಿಲು ಪಕ್ಕದಿಂದ ಬೀಳುವಾಗ ತೆಗೆದರೆ ಪ್ರತಿ ಎಳೆಗೂ ತನ್ನದೇ ಸಣ್ಣ ನೆರಳು ಇರುತ್ತದೆ, ಉಬ್ಬು ಕಾಣುತ್ತದೆ. ರಂಗೋಲಿಗಿಂತ ಹಾಕುವ ಕೈ ಇನ್ನೂ ಚೆಂದದ ವಸ್ತು: ಬೆರಳಿನಿಂದ ಉದುರುವ ಪುಡಿಗೆ ಹಿಂದಿನಿಂದ ಬೆಳಕು ಬೀಳುವಂತೆ ನಿಂತು 1/500ರಲ್ಲಿ ಒಂದು, 1/30ರಲ್ಲಿ ಒಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ಮಳೆ ನಿಂತ ಮೇಲೆ ಗುಂಡಿಯ ನೀರಿನಲ್ಲಿ ದೇವಸ್ಥಾನದ ಪ್ರತಿಬಿಂಬ ತೆಗೆದರೆ ಒಂದು ತುಣುಕಷ್ಟೇ ಬರುತ್ತದೆ. — ಮಂಗಳೂರು

ನಿಂತು ತೆಗೆದಿರಬೇಕು. ಫೋನನ್ನು ತಲೆಕೆಳಗಾಗಿ ಹಿಡಿದು ಲೆನ್ಸ್ ನೀರಿಗೆ ಎರಡು ಬೆರಳಿನಷ್ಟು ಹತ್ತಿರ ತನ್ನಿ. ಬಕೆಟಿನಗಲದ ಗುಂಡಿಯಲ್ಲೂ ಇಡೀ ಗೋಪುರ ಬಂದೀತು. ಫೋಕಸ್ ನೀರಿನ ಮೇಲ್ಮೈಗಲ್ಲ, ಪ್ರತಿಬಿಂಬದ ಗೋಪುರಕ್ಕೆ. ಅದು ಕ್ಯಾಮೆರಾಗೆ ನಿಜವಾದ ಗೋಪುರದಷ್ಟೇ ದೂರ. ಪೋಲರೈಸರ್ ಫಿಲ್ಟರ್ ಇದ್ದರೆ ತೆಗೆದಿಡಿ, ಅದು ಪ್ರತಿಬಿಂಬವನ್ನೇ ಅಳಿಸಬಲ್ಲದು. ಗಾಳಿ ಬಿಟ್ಟರೆ ಕಾಯಬೇಕು, ಬಸ್ಸು ಬಂದರೆ ಓಡಬೇಕು.